ಗಾಳಿಗೂ ಲೈಸೆನ್ಸು ಬೇಕಿದ್ದ ಕಾಲ

ಕಳೆದ ಸಲ ಧಾರವಾಡದ ಕಡೆ ನಮ್ಮೂರಿಗೆ ಹೋಗಿದ್ದಾಗ ಅಟ್ಟದ ಮೇಲಿನ ಟ್ರಂಕಿನಲ್ಲಿ ಅಪ್ಪನ ರೇಡಿಯೋ ಲೈಸೆನ್ಸು ಪುಸ್ತಕ ಸಿಕ್ಕಿತು. ಈಗಿನ ಹುಡುಗರಿಗೆ ಹೇಳಿದರೆ ನಗುತ್ತಾರೆ. ಮನೆಯಲ್ಲಿ ರೇಡಿಯೋ ಕೇಳುವುದಕ್ಕೂ ಆಗ ಸರ್ಕಾರದ ಲೈಸೆನ್ಸು ಬೇಕಿತ್ತು. ವರ್ಷಕ್ಕೊಮ್ಮೆ ಪೋಸ್ಟಾಫೀಸಿಗೆ ಹೋಗಿ ಹಣ ಕಟ್ಟಿ, ಪುಸ್ತಕದಲ್ಲಿ ಸ್ಟಾಂಪು ಹಚ್ಚಿಸಿಕೊಂಡು ಬರಬೇಕು. ಅಪ್ಪ ಒಂದು ವರ್ಷವೂ ತಪ್ಪಿಸಿದವರಲ್ಲ. "ಸರ್ಕಾರದ್ದು ಸರ್ಕಾರಕ್ಕ ಕೊಟ್ಟಬಿಡಬೇಕಪಾ" ಅನ್ನುತ್ತಿದ್ದರು. ಪಕ್ಕದ ಮನೆಯವರು ಮಾತ್ರ ಇನ್ಸ್‌ಪೆಕ್ಟರ್ ಬಂದಾನೆಂದು ಸುದ್ದಿಯಾದರೆ ರೇಡಿಯೋವನ್ನು ಕೌದಿಯೊಳಗೆ ಸುತ್ತಿ ಮೂಲೆಗಿಡುತ್ತಿದ್ದರು. 1980ರ ದಶಕದ ನಡುವಿನಲ್ಲಿ ಈ ಲೈಸೆನ್ಸು ರದ್ದಾಯಿತು. ಕೌದಿಗೆ ವಿಶ್ರಾಂತಿ ಸಿಕ್ಕಿತು!

ನಾನು ಬಿ.ಕಾಂ. ಓದಿ ಬ್ಯಾಂಕು ಸೇರಿ, ಹೈದರಾಬಾದಿನಲ್ಲಿ ತಲೆ ನರೆಸಿಕೊಂಡವನು. ಇತಿಹಾಸದ ಪಂಡಿತನಲ್ಲ. ಆದರೆ ಆ ಪುಸ್ತಕ ನೋಡುತ್ತ ಕೂತಾಗ ಒಂದು ಪ್ರಶ್ನೆ ಹೊಳೆಯಿತು. ಕೇಳುವುದಕ್ಕೇ ಇಷ್ಟು ಕಟ್ಟುನಿಟ್ಟಾದರೆ, ಬಡವರು ತಾವೇ ಮಾತಾಡುತ್ತೇವೆ, ರೇಡಿಯೋ ನಾವೇ ನಡೆಸುತ್ತೇವೆ ಅಂದರೆ ಏನಾಗುತ್ತಿತ್ತು? ಹಾಗೆ ಅಂದವರು ಇದ್ದರು. ಕೆಲವರು ಕಾನೂನು ಮುರಿದರು, ಕೆಲವರು ಕಾದರು. ಯಾರು ಸರಿ? ಈ ಪ್ರಶ್ನೆ ನನ್ನನ್ನು ಯಾಕೆ ಕಾಡಿತು ಅನ್ನುವುದನ್ನು ಕೊನೆಗೆ ಹೇಳುತ್ತೇನೆ.

ಮೊದಲು ಕಾನೂನಿನ ಕಥೆ. ಬ್ರಿಟಿಷರು 1885ರಲ್ಲಿ ಇಂಡಿಯನ್ ಟೆಲಿಗ್ರಾಫ್ ಕಾಯ್ದೆ ತಂದರು. ತಂತಿ ವ್ಯವಸ್ಥೆಯನ್ನು ಸ್ಥಾಪಿಸಿ ನಡೆಸುವ ಹಕ್ಕು ಸರ್ಕಾರದ್ದು ಮಾತ್ರ, ಬೇರೆ ಯಾರಿಗಾದರೂ ಬೇಕಿದ್ದರೆ ಸರ್ಕಾರವೇ ಲೈಸೆನ್ಸು ಕೊಡಬೇಕು ಎಂಬುದು ಅದರ ತಿರುಳು. ಆಗ ರೇಡಿಯೋ ಇನ್ನೂ ಹುಟ್ಟಿರಲಿಲ್ಲ. ಅದು ಬಂದ ಮೇಲೆ ಅದನ್ನೂ ಇದೇ ಕಾಯ್ದೆಯ ಚೀಲದೊಳಗೆ ಹಾಕಿದರು. ಸಾಲದ್ದಕ್ಕೆ 1933ರಲ್ಲಿ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ ಬಂತು. ಲೈಸೆನ್ಸಿಲ್ಲದೆ ವೈರ್‌ಲೆಸ್ ಯಂತ್ರ ಇಟ್ಟುಕೊಳ್ಳುವುದೇ ಅಪರಾಧವಾಯಿತು.

ನಮ್ಮ ಮೈಸೂರು ಸಂಸ್ಥಾನದಲ್ಲಿ ಹವೆ ಸ್ವಲ್ಪ ಬೇರೆ ಇತ್ತು. ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ 30 ವ್ಯಾಟ್ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಶುರುಮಾಡಿದರು. ಆ ನಿಲಯದ ಹೆಸರು 'ಆಕಾಶವಾಣಿ'. ಮುಂದೆ ಇಡೀ ದೇಶದ ಸರ್ಕಾರಿ ರೇಡಿಯೋಕ್ಕೆ ಅದೇ ಹೆಸರಾಯಿತು. ಒಬ್ಬ ಮೇಷ್ಟರ ಮನೆಯಿಂದ ಬಂದ ಹೆಸರು ಅದು, ನೆನಪಿರಲಿ.

ಬ್ರಿಟಿಷ್ ಇಂಡಿಯಾದಲ್ಲಿ ಇದೇ ಕೆಲಸ ಮಾಡಿದವರಿಗೆ ಸಿಕ್ಕಿದ್ದು ಜೈಲು. 1942ರ ಕ್ವಿಟ್ ಇಂಡಿಯಾ ದಿನಗಳಲ್ಲಿ ಪತ್ರಿಕೆಗಳ ಬಾಯಿ ಕಟ್ಟಿದಾಗ ಮುಂಬಯಿಯಲ್ಲಿ ಉಷಾ ಮೆಹ್ತಾ ಮತ್ತು ಗೆಳೆಯರು ಗುಟ್ಟಾಗಿ ಕಾಂಗ್ರೆಸ್ ರೇಡಿಯೋ ನಡೆಸಿದರು. ಆಕೆಗೆ ಆಗ 22 ವರ್ಷ. ಪೊಲೀಸರ ಕಣ್ಣು ತಪ್ಪಿಸಲು ಜಾಗ ಬದಲಿಸುತ್ತ ಸುಮಾರು ಮೂರು ತಿಂಗಳು ನಡೆಸಿ, ನವೆಂಬರ್ 12ರಂದು ಸಿಕ್ಕಿಬಿದ್ದರು. ನಾಲ್ಕು ವರ್ಷ ಶಿಕ್ಷೆಯಾಯಿತು. 1998ರಲ್ಲಿ ಸ್ವತಂತ್ರ ಭಾರತ ಆಕೆಗೆ ಪದ್ಮವಿಭೂಷಣ ಕೊಟ್ಟಿತು. ಕಾನೂನು ಮುರಿದಿದ್ದಕ್ಕೆ ಕೊಟ್ಟ ಗೌರವ ಅಂತಲೇ ಹೇಳಬೇಕು. ತಮಾಷೆ ಏನೆಂದರೆ, ಆಕೆಗೆ ಪದ್ಮವಿಭೂಷಣ ಬಂದಾಗಲೂ 1885ರ ಕಾಯ್ದೆ ಮತ್ತು 1933ರ ಕಾಯ್ದೆ ಎರಡೂ ಜಾರಿಯಲ್ಲಿದ್ದವು. ಬಿಳಿಯರು ಹೋದರು, ಬೀಗದ ಕೈ ಮಾತ್ರ ನಮ್ಮವರ ಸೊಂಟಕ್ಕೆ ಬಂತು.

ಆ ಬೀಗ ಮೊದಲ ಸಲ ಅಲುಗಾಡಿದ್ದು ಕ್ರಿಕೆಟ್ಟಿನಿಂದ. 1993ರ ಹೀರೋ ಕಪ್ ಪಂದ್ಯಗಳ ಪ್ರಸಾರದ ಜಗಳ ಸುಪ್ರೀಂ ಕೋರ್ಟಿಗೆ ಹೋಗಿ, 1995ರ ಫೆಬ್ರವರಿ 9ರಂದು ತೀರ್ಪು ಬಂತು. ನ್ಯಾಯಮೂರ್ತಿಗಳಾದ ಪಿ.ಬಿ. ಸಾವಂತ್ ಮತ್ತು ಬಿ.ಪಿ. ಜೀವನ್ ರೆಡ್ಡಿ ಇದ್ದ ಪೀಠ ಅದು. ರೇಡಿಯೋ ತರಂಗಗಳು ಸಾರ್ವಜನಿಕರ ಆಸ್ತಿ, ಅವು ಸರ್ಕಾರದ ಸ್ವಂತ ಸೊತ್ತಲ್ಲ ಎಂದು ಕೋರ್ಟು ಹೇಳಿತು. ಅವನ್ನು ನೋಡಿಕೊಳ್ಳಲು ಸ್ವತಂತ್ರ ಪ್ರಾಧಿಕಾರ ರಚಿಸಿ ಎಂದೂ ಹೇಳಿತು. ಮರುವರ್ಷ, 1996ರಲ್ಲಿ, ಬೆಂಗಳೂರಿನಲ್ಲಿ ಸೇರಿದ ಪ್ರಸಾರತಜ್ಞರು ಮತ್ತು ಕಾರ್ಯಕರ್ತರು ಬಡವರಿಗೂ ಸಮುದಾಯ ಬಾನುಲಿಯ ಹಕ್ಕು ಕೊಡಿ ಎಂದು ಘೋಷಣೆ ಹೊರಡಿಸಿದರು. ಅದು 'ಬೆಂಗಳೂರು ಘೋಷಣೆ' ಎಂದೇ ಹೆಸರಾಯಿತು.

ಸರ್ಕಾರ ಏನು ಮಾಡಿತು? ಎಫ್.ಎಂ. ತರಂಗಗಳನ್ನು ಹರಾಜಿಗಿಟ್ಟಿತು. 2001ರಲ್ಲಿ ಬೆಂಗಳೂರಿನಲ್ಲಿ ದೇಶದ ಮೊದಲ ಖಾಸಗಿ ಎಫ್.ಎಂ. ಶುರುವಾಯಿತು. ಕೋಟಿ ಎಣಿಸುವವರಿಗೆ ಬಾಗಿಲು ತೆರೆಯಿತು. 2002ರ ಕೊನೆಗೆ ಶಿಕ್ಷಣ ಸಂಸ್ಥೆಗಳಿಗೆ ಕ್ಯಾಂಪಸ್ ರೇಡಿಯೋ ನಡೆಸಲು ಅವಕಾಶ ಸಿಕ್ಕಿತು. 2004ರಲ್ಲಿ ಚೆನ್ನೈಯ ಅಣ್ಣಾ ವಿಶ್ವವಿದ್ಯಾಲಯ ಅಂಥ ಮೊದಲ ನಿಲಯ ತೆರೆಯಿತು. ಹಳ್ಳಿಯ ಹೆಂಗಸರಿಗೆ, ಕೂಲಿಯವರಿಗೆ? ಅರ್ಜಿ ಹಾಕಲು ಒಂದು ಫಾರಂ ಕೂಡ ಇರಲಿಲ್ಲ.

ಇಂಥ ಹೊತ್ತಿನಲ್ಲಿ ನಾಲ್ಕು ಊರುಗಳು ನಾಲ್ಕು ದಾರಿ ಹಿಡಿದವು.

ಮೊದಲನೆಯದು ಪಸ್ತಾಪುರ. ಹೈದರಾಬಾದಿನಿಂದ ಬೀದರಿಗೆ ಹೋಗುವಾಗ ಜಹೀರಾಬಾದ್ ಸಿಗುತ್ತದಲ್ಲ, ಅದರ ಪಕ್ಕದಲ್ಲೇ. ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಎಂಬ ಸಂಸ್ಥೆ ಅಲ್ಲಿನ ದಲಿತ ಹೆಣ್ಣುಮಕ್ಕಳ ಸಂಘಗಳನ್ನು ಕಟ್ಟಿತ್ತು. ಅದರ ಮುಂದಾಳು, 2023ರಲ್ಲಿ ತೀರಿಕೊಂಡ ಪಿ.ವಿ. ಸತೀಶ್ ಮೈಸೂರಿನವರು, ಹಿಂದೆ ದೂರದರ್ಶನದಲ್ಲಿದ್ದವರು. 1990ರ ದಶಕದ ಕೊನೆಯ ಹೊತ್ತಿಗೆ ಯುನೆಸ್ಕೋ ನೆರವಿನಿಂದ ಮಾಚನೂರಿನಲ್ಲಿ ರೇಡಿಯೋ ನಿಲಯವೇ ಎದ್ದು ನಿಂತಿತು. ಲೈಸೆನ್ಸು ಮಾತ್ರ ಬರಲಿಲ್ಲ. ಆ ಹೆಣ್ಣುಮಕ್ಕಳು ಕಾನೂನು ಮುರಿಯಲಿಲ್ಲ. ಜೋಳ, ನವಣೆ, ಬಿತ್ತನೆ ಬೀಜ, ಹಾಡು, ನಾಟಿ ಔಷಧ, ಹೀಗೆ ಎಲ್ಲವನ್ನೂ ತಮ್ಮ ತೆಲುಗಿನಲ್ಲಿ ಕ್ಯಾಸೆಟ್ಟಿಗೆ ರೆಕಾರ್ಡ್ ಮಾಡಿ, ಸಂಘದ ಸಭೆಗಳಲ್ಲಿ ಟೇಪ್ ಹಾಕಿ ಕೇಳಿಸಿದರು. ಹತ್ತು ವರ್ಷ ಹೀಗೇ!

ಎರಡನೆಯದು ನಮ್ಮ ಕೋಲಾರ ಜಿಲ್ಲೆಯ ಬೂದಿಕೋಟೆ, ಹೈದರಾಲಿ ಹುಟ್ಟಿದ ಊರೆಂದು ಹೆಸರಾದದ್ದು. ಅಲ್ಲಿ ಮೈರಾಡ ಮತ್ತು ವಾಯ್ಸಸ್ ಸಂಸ್ಥೆಗಳ ಜತೆ ಊರವರು 'ನಮ್ಮ ಧ್ವನಿ' ಕಟ್ಟಿದರು. ಗಾಳಿಯಲ್ಲಿ ಬಿಟ್ಟರೆ ತಾನೆ ಅಪರಾಧ? ಕೇಬಲ್ ಟಿವಿಯ ತಂತಿಯಲ್ಲೇ ಧ್ವನಿ ಹರಿಸಿ ಮನೆಮನೆಗೆ ಮುಟ್ಟಿಸಿದರು. ಕಾನೂನಿನ ಬೇಲಿ ಹಾರಲಿಲ್ಲ, ಕಂಡಿ ಹುಡುಕಿ ನುಸುಳಿದರು. ನಮ್ಮ ಜನರ ಜಾಣತನ ನೋಡಿ!

ಮೂರನೆಯದು ಕರ್ನೂಲು ಜಿಲ್ಲೆಯ ಓರ್ವಕಲ್ಲು. ಅಲ್ಲಿನ ಸ್ವಸಹಾಯ ಸಂಘದ ಹೆಣ್ಣುಮಕ್ಕಳು 2002ರಲ್ಲಿ 'ಮನ ರೇಡಿಯೋ' ಶುರುಮಾಡಿದರು, ಸಣ್ಣ ಟ್ರಾನ್ಸ್‌ಮಿಟರ್ ಇಟ್ಟು, ನೇರ ಗಾಳಿಯಲ್ಲೇ. ಕೆಲವೇ ತಿಂಗಳಲ್ಲಿ ಅಧಿಕಾರಿಗಳು ಬಂದು ಮುಚ್ಚಿಸಿದರು.

ನಾಲ್ಕನೆಯದು ಬಿಹಾರದ ವೈಶಾಲಿ ಜಿಲ್ಲೆಯ ಮನ್ಸೂರ್‌ಪುರ. ರಾಘವ್ ಮಹತೋ ಎಂಬ ರೇಡಿಯೋ ರಿಪೇರಿ ಹುಡುಗ ಸುಮಾರು 50 ರೂಪಾಯಿ ಖರ್ಚಿನಲ್ಲಿ ಟ್ರಾನ್ಸ್‌ಮಿಟರ್ ಮಾಡಿದ. ಬಿದಿರಿನ ಗಳಕ್ಕೆ ಆಂಟೆನಾ ಕಟ್ಟಿ ಹತ್ತಿರದ ಆಸ್ಪತ್ರೆಯ ಮಾಳಿಗೆ ಮೇಲೆ ನಿಲ್ಲಿಸಿದ. 2003ರಿಂದ 'ರಾಘವ್ ಎಫ್.ಎಂ. ಮನ್ಸೂರ್‌ಪುರ್ 1' ಸುತ್ತಲ ಹಳ್ಳಿಗಳಿಗೆ ಹಾಡು ಕೇಳಿಸಿತು. ಪೋಲಿಯೋ, ಏಡ್ಸ್ ಬಗ್ಗೆ ತಿಳಿವಳಿಕೆ ಹೇಳಿತು, ಕಳೆದುಹೋದ ಮಕ್ಕಳ ಸುದ್ದಿ ಸಾರಿತು. ಲೈಸೆನ್ಸು ಬೇಕೆಂಬುದೇ ಅವನಿಗೆ ಗೊತ್ತಿರಲಿಲ್ಲ. 2006ರಲ್ಲಿ ಬಿಬಿಸಿ ಅವನ ಕಥೆ ಹೇಳಿತು. ಲೋಕಕ್ಕೆಲ್ಲ ಗೊತ್ತಾಯಿತು, ಸರ್ಕಾರಕ್ಕೂ ಗೊತ್ತಾಯಿತು! ಟೆಲಿಗ್ರಾಫ್ ಕಾಯ್ದೆ ತೋರಿಸಿ ಬಂದ್ ಮಾಡಿಸಿದರು.

ಅದೇ 2006ರ ನವೆಂಬರ್ 16ರಂದು ಕೇಂದ್ರ ಸಂಪುಟ ಹೊಸ ನೀತಿಗೆ ಒಪ್ಪಿತು. ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ಬಾನುಲಿಯ ಬಾಗಿಲು ತೆರೆಯಿತು. 2008ರ ಅಕ್ಟೋಬರ್ 15ರಂದು ಮಾಚನೂರಿನ ಸಂಘಂ ರೇಡಿಯೋ ಗಾಳಿಗೇರಿತು. ನಡೆಸಿದವರು ನರಸಮ್ಮ ಎಂಬ ಒಂದೇ ಹೆಸರಿನ ಇಬ್ಬರು ದಲಿತ ಹೆಣ್ಣುಮಕ್ಕಳು. ಉದ್ಘಾಟಿಸಿದವರು, ಹದಿಮೂರು ವರ್ಷ ಹಿಂದೆ ತರಂಗಗಳು ಜನರ ಆಸ್ತಿ ಎಂದು ತೀರ್ಪು ಕೊಟ್ಟಿದ್ದ ಅದೇ ನ್ಯಾಯಮೂರ್ತಿ ಸಾವಂತ್.

ಹಾಗಾದರೆ ಕಾದವರೇ ಗೆದ್ದರಲ್ಲ, ಮುರಿದವರು ಸೋತರಲ್ಲ ಅನ್ನಬಹುದು. ನಾನೂ ಬಹಳ ವರ್ಷ ಹಾಗೇ ಅಂದುಕೊಂಡಿದ್ದೆ. ಅಪ್ಪನ ಮಗ ನೋಡಿ, ರೂಲ್ಸ್ ಅಂದರೆ ರೂಲ್ಸ್. ಈಗ ಯಾಕೆ ಹಾಗನ್ನಿಸುವುದಿಲ್ಲ ಅಂತ ಹೇಳಬೇಕಾದರೆ ನನ್ನದೇ ಒಂದು ತಪ್ಪನ್ನು ಹೇಳಬೇಕು.

1997ರ ಸುಮಾರಿಗೆ ನಾನು ಹೈದರಾಬಾದಿಗೆ ನೂರು ಕಿಲೋಮೀಟರ್ ದೂರದ ಸಣ್ಣ ಊರಿನ ಶಾಖೆಯಲ್ಲಿದ್ದೆ. ಹೊಸ ಆಫೀಸರು, ಹೊಸ ಹುರುಪು. ಒಂದು ದಿನ ಐದಾರು ಕೂಲಿ ಹೆಣ್ಣುಮಕ್ಕಳು ಬಂದರು. ವಾರಕ್ಕಿಷ್ಟು ಅಂತ ಕೂಡಿಸಿದ ದುಡ್ಡು ತಗಡಿನ ಡಬ್ಬಿಯಲ್ಲಿತ್ತು. ಸಂಘದ ಹೆಸರಿನಲ್ಲಿ ಖಾತೆ ತೆರೆಯಿರಿ ಎಂದರು. ನಾನು ನೋಂದಣಿ ಪತ್ರ ಕೇಳಿದೆ. ಇರಲಿಲ್ಲ. ಆಗೋದಿಲ್ಲ ಅಂದೆ. ಮುಂದಿನ ವಾರ ಊರಿನ ಮೇಷ್ಟರ ಹತ್ತಿರ ಪತ್ರ ಬರೆಸಿಕೊಂಡು ಬಂದರು. ಮತ್ತೆ ಆಗೋದಿಲ್ಲ ಅಂದೆ. ಅವರಲ್ಲಿ ಹಿರಿಯಾಕೆ ತೆಲುಗಿನಲ್ಲಿ ಕೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ಈ ದುಡ್ಡು ನಮ್ಮದು ಅಂತ ಹೇಳೋಕೂ ಇನ್ನೊಬ್ಬರ ಕಾಗದ ಬೇಕಾ ಸಾರೂ?"

ಕೆಲವು ತಿಂಗಳ ಮೇಲೆ ಹೊಸ ಮ್ಯಾನೇಜರು ಬಂದರು. ಹಳೇ ಫೈಲು ತೆಗೆದು ನನ್ನ ಮುಂದಿಟ್ಟರು. ನೋಂದಣಿ ಇಲ್ಲದ ಸ್ವಸಹಾಯ ಗುಂಪುಗಳಿಗೂ ಉಳಿತಾಯ ಖಾತೆ ತೆರೆಯಬಹುದು ಎಂದು ರಿಸರ್ವ್ ಬ್ಯಾಂಕು 1993ರಲ್ಲೇ ಹೇಳಿತ್ತು. ಸರ್ಕ್ಯುಲರ್ ನಮ್ಮ ಕಪಾಟಿನಲ್ಲೇ ಇತ್ತು, ನಾನು ಓದಿರಲಿಲ್ಲ ಅಷ್ಟೆ. ಮರುದಿನ ನಾನೇ ಆ ಊರಿಗೆ ಹೋದೆ. ಅಷ್ಟರಲ್ಲಿ ಅವರು ದುಡ್ಡನ್ನು ಅಂಗಡಿಯವನೊಬ್ಬನ ಹತ್ತಿರ ಇಟ್ಟಿದ್ದರು. ವಾಪಸು ಸಿಕ್ಕಿದ್ದು ಅರ್ಧ. ಸಂಘ ಒಡೆದುಹೋಗಿತ್ತು. ನನಗೆ ಯಾರೂ ಮೆಮೋ ಕೊಡಲಿಲ್ಲ. ನಿಯಮದ ಹೆಸರಿನಲ್ಲಿ ತಪ್ಪು ಮಾಡಿದವನಿಗೆ ಮೆಮೋ ಬರುವುದಿಲ್ಲ.

ಬ್ಯಾಂಕಿನವನಾದ್ದರಿಂದ ಲೆಕ್ಕದ ಭಾಷೆಯಲ್ಲೇ ಹೇಳುತ್ತೇನೆ. ತಡವಾದ ಪ್ರತಿ ದಿನಕ್ಕೂ ಬಡ್ಡಿ ಬೀಳುತ್ತದೆ, ಯಾರಾದರೂ ಕಟ್ಟಲೇಬೇಕು. ತೀರ್ಪು ಬಂದ 1995ರಿಂದ ಸಂಘಂ ರೇಡಿಯೋ ಮಾತಾಡಿದ 2008ರವರೆಗಿನ ಬಡ್ಡಿಯನ್ನು ದೆಹಲಿಯ ಯಾವ ಅಧಿಕಾರಿಯೂ ಕಟ್ಟಲಿಲ್ಲ. ಪಸ್ತಾಪುರದ ಹೆಣ್ಣುಮಕ್ಕಳು ಕಟ್ಟಿದರು. ಕಾದವರು ಗೆದ್ದರು ಅನ್ನುವಾಗ ಈ ಖರ್ಚನ್ನು ನಾವು ಬರೆಯುವುದೇ ಇಲ್ಲ.

ಹಾಗಂತ ಕಾನೂನು ಬೇಡ ಅನ್ನುವವನಲ್ಲ ನಾನು. ತರಂಗಕ್ಕೆ ಲೈಸೆನ್ಸು ಇರುವುದಕ್ಕೆ ಕಾರಣವಿದೆ. ಎಫ್.ಎಂ. ಪಟ್ಟಿಯ ಮಗ್ಗುಲಲ್ಲೇ ವಿಮಾನಗಳ ವೈರ್‌ಲೆಸ್ ಇದೆ. ಕೈಯಲ್ಲಿ ಮಾಡಿದ ಟ್ರಾನ್ಸ್‌ಮಿಟರ್ ಸರಿಯಾದ ತರಂಗದಲ್ಲೇ ನಿಲ್ಲುತ್ತದೆಂಬ ಖಾತ್ರಿ ಇಲ್ಲ. ಅಧಿಕಾರಿಗಳು ರಾಘವನ ಯಂತ್ರ ಪರೀಕ್ಷಿಸಬೇಕೆಂದಿದ್ದರೆ ಅದು ಸರಿ. ನನ್ನ ತಕರಾರು ಆಮೇಲಿನದು. ಬ್ಯಾಂಕಿನಲ್ಲಿ ಖಾತೆ ಇರ್ರೆಗ್ಯುಲರ್ ಆದರೆ ನಾವು ಮೊದಲು ನೋಡುವುದು ರೆಗ್ಯುಲರೈಸ್ ಮಾಡಬಹುದೇ ಎಂದು. ನಮ್ಮ ಕರ್ನಾಟಕದಲ್ಲಿ ಅಕ್ರಮವಾಗಿ ಮಹಡಿ ಏರಿಸಿದವರಿಗೆ 'ಅಕ್ರಮ ಸಕ್ರಮ' ತಂದೆವು. ಐವತ್ತು ರೂಪಾಯಿಯ ರೇಡಿಯೋಕ್ಕೆ ಸಕ್ರಮ ಇರಲಿಲ್ಲ. 2006ರ ನೀತಿಯಲ್ಲೂ ನೋಂದಣಿಯಾಗಿ ಮೂರು ವರ್ಷ ಕಳೆದ ಸಂಸ್ಥೆಗೆ ಮಾತ್ರ ಅವಕಾಶ, ಒಬ್ಬೊಬ್ಬರಿಗೆ ಇಲ್ಲ. ಬಾಗಿಲು ತೆರೆದರೂ ರಾಘವ ಹೊರಗೇ. ಇಂದಿನ ಲೆಕ್ಕದಲ್ಲಿ ಗೋಪಾಲಸ್ವಾಮಿಯವರೂ ಹೊರಗೇ!

ಹಾಗಾದರೆ ಮುರಿದದ್ದು ಸರಿಯೇ? ಸಾಲದ ಅರ್ಜಿ ನೋಡುವಂತೆ ನಾಲ್ಕು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಆ ಹಕ್ಕು ನಿಜವಾಗಿ ಜನರದ್ದೇ? ಸುಪ್ರೀಂ ಕೋರ್ಟೇ ಹೌದೆಂದಿತ್ತು. ನ್ಯಾಯವಾದ ದಾರಿ ಇತ್ತೇ? ಫಾರಂ ಕೂಡ ಇರಲಿಲ್ಲ. ಬಚ್ಚಿಟ್ಟು ಮಾಡಿದನೇ? ತನ್ನ ಹೆಸರು, ಊರ ಹೆಸರು ಹೇಳಿಕೊಂಡೇ ಮಾಡಿದ. ಯಾರಿಗಾದರೂ ಕೇಡಾಯಿತೇ? ಆಯಿತೆಂದು ಯಾರೂ ತೋರಿಸಲಿಲ್ಲ, ಆಗಲಾರದೆಂಬ ಖಾತ್ರಿಯೂ ಇರಲಿಲ್ಲ. ನಾಲ್ಕರಲ್ಲಿ ಮೂರು ಪಾಸು. ನಾನಾದರೆ ಸಹಿ ಹಾಕುತ್ತಿದ್ದೆ, ಯಂತ್ರ ಪರೀಕ್ಷಿಸಿ ಎಂಬ ಷರತ್ತಿನ ಮೇಲೆ. 1997ರಲ್ಲಿ ಹಾಕುತ್ತಿರಲಿಲ್ಲ. ಆ ಡಬ್ಬಿಯ ಹೆಣ್ಣುಮಕ್ಕಳನ್ನು ವಾಪಸು ಕಳಿಸಿದ ಮೇಲೆ ಕಲಿತದ್ದು ಇದು.

ಈಗ ದೇಶದಲ್ಲಿ ಸಮುದಾಯ ಬಾನುಲಿ ನಿಲಯಗಳು 500 ದಾಟಿವೆ. 1885ರ ಕಾಯ್ದೆಯ ಜಾಗಕ್ಕೆ 2023ರ ದೂರಸಂಪರ್ಕ ಕಾಯ್ದೆ ಬಂದಿದೆ. ಸಮುದಾಯ ಬಾನುಲಿಗಳು ತಮ್ಮೂರಿನ ಸುದ್ದಿಯನ್ನು ಸ್ವಂತವಾಗಿ ವಾರ್ತೆಯಾಗಿ ಓದುವಂತಿಲ್ಲ ಎಂಬ ನಿಯಮ ಮಾತ್ರ ಇನ್ನೂ ಹಾಗೇ ಇದೆ. ಆ ಬಡ್ಡಿ ಇಂದಿಗೂ ಬೆಳೆಯುತ್ತಿದೆ.

ಅಪ್ಪನ ಲೈಸೆನ್ಸು ಪುಸ್ತಕವನ್ನು ಹೈದರಾಬಾದಿಗೆ ತಂದಿಟ್ಟುಕೊಂಡಿದ್ದೇನೆ. ಸ್ಟಾಂಪು ಒಂದೂ ತಪ್ಪಿಲ್ಲ. ಅಪ್ಪನ ಬಗ್ಗೆ ಹೆಮ್ಮೆ ಇದೆ. ಕೌದಿಯಲ್ಲಿ ರೇಡಿಯೋ ಬಚ್ಚಿಡುತ್ತಿದ್ದ ಪಕ್ಕದ ಮನೆಯವರ ಮೇಲೆ ಮಾತ್ರ ಈಗ ಮೊದಲಿನಷ್ಟು ಸಿಟ್ಟಿಲ್ಲ.