ಅವ್ವನ ವಯಸ್ಸು

ಬಾಲ್ಯವಿವಾಹ ತಡೆಯೋ ಕಾಯ್ದೆಯನ್ನ ಮೈಸೂರು ಸಂಸ್ಥಾನ 1894ರಲ್ಲೇ ತಂದಿತ್ತು ಅಂತ ಹೆಮ್ಮೆಯಿಂದ ಹೇಳ್ತಾರೆ. ಅದು ತಡೆದದ್ದು 8 ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನ! 50 ದಾಟಿದ ಗಂಡಸು 14ರೊಳಗಿನ ಹುಡುಗಿಯನ್ನ ಕಟ್ಟಿಕೊಳ್ಳಬಾರದು ಅಂತಲೂ ಇತ್ತು, ಬಿಡಿ. ದೇಶದ ಕಾಯ್ದೆಯಲ್ಲಿ ಹುಡುಗಿಗೆ 18 ಅಂತ ಆಗೋಕೆ 1978 ಬರಬೇಕಾಯ್ತು.

ಅದಕ್ಕೂ ಮುಂಚೆಯೇ ನಮ್ಮವ್ವನ್ನ ಟಿ. ನರಸೀಪುರ ಕಡೆಯಿಂದ ನಂಜನಗೂಡು ಕಡೆಗೆ ಕೊಟ್ಟಿದ್ರು. ಆಗ ಅವಳಿಗೆ 13 ಇರಬಹುದು. ನಮ್ಮ ಕೇರೀಲಿ ಹುಟ್ಟಿದ ದಿನ ಬರೆದಿಟ್ಟೋರು ಯಾರು? ಸೊಂಟದ ಮೂಳೆ ಬಲಿಯೋ ಮುಂಚೆ ಬಸುರಿ, ಮೈಯಲ್ಲಿ ರಕ್ತವಿಲ್ಲ. ಎರಡು ದಿನ ನೋವು ತಿಂದು ಹೆತ್ತ ಕೂಸು ಉಳೀಲಿಲ್ಲ. ಬಾಣಂತನ ಮುಗಿಯೋ ಮೊದಲೇ ನಾಟಿಗೆ ಗದ್ದೆಗಿಳಿದಳು. ಗರ್ಭಕೋಶ ಜಾರಿದ್ದನ್ನ ಮೂವತ್ತು ವರ್ಷ ಯಾರಿಗೂ ಹೇಳದೆ ಕಳೆ ಕಿತ್ತಳು.

ಆಫೀಸಲ್ಲಿ ದಿನಾ ಜನನ ಪ್ರಮಾಣಪತ್ರಗಳನ್ನ ಫೈಲಿಗೆ ಸೇರಿಸ್ತೀನಿ. ಅವ್ವನ ಆಧಾರ್‌ನಲ್ಲಿ ಹುಟ್ಟಿದ ದಿನ ಜನವರಿ 1.