ಕಣ್ಣಿಗೆಂದು ನುಂಗಿದ ಆಸ್ಪಿರಿನ್

1964ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪೊವೆಲ್ ಮತ್ತು ಫೀಲ್ಡ್ ಎಂಬ ಸಂಶೋಧಕರ ಒಂದು ಪುಟ್ಟ ಬರಹ ಬಂತು. ಸಕ್ಕರೆ ಕಾಯಿಲೆಯ ಜೊತೆಗೆ ಕೀಲುವಾತವೂ ಇದ್ದವರು ನೋವಿಗೆಂದು ಆಸ್ಪಿರಿನ್ ಜಾತಿಯ ಮದ್ದು ನುಂಗುತ್ತಿದ್ದರು. ಅಂಥವರ ಕಣ್ಣಿನ ಅಕ್ಷಿಪಟಲ ಅಷ್ಟಾಗಿ ಕೆಟ್ಟಿರಲಿಲ್ಲ ಎಂಬುದು ಅದರ ಸಾರ.

ಇದಕ್ಕೆ ಕಾರಣ ಏನಿರಬಹುದು ಎಂಬುದು ಮುಂದಿನ ವರ್ಷಗಳಲ್ಲಿ ಸ್ಪಷ್ಟವಾಗುತ್ತ ಬಂತು. ರಕ್ತ ಹೆಪ್ಪುಗಟ್ಟಲು ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳಬೇಕು; ಆಸ್ಪಿರಿನ್ ಅದನ್ನು ತಡೆಯುತ್ತದೆ. ಆಸ್ಪಿರಿನ್ ದೇಹದಲ್ಲಿ ಪ್ರೊಸ್ಟಗ್ಲಾಂಡಿನ್‌ಗಳ ತಯಾರಿಕೆಯನ್ನೇ ನಿಲ್ಲಿಸುತ್ತದೆ ಎಂದು ಇಂಗ್ಲೆಂಡಿನ ಜಾನ್ ವೇನ್ 1971ರಲ್ಲಿ ತೋರಿಸಿಕೊಟ್ಟರು. 1982ರಲ್ಲಿ ಅವರಿಗೆ ನೊಬೆಲ್ ಬಂತು. ಸಕ್ಕರೆ ಕಾಯಿಲೆಯವರಲ್ಲಿ ಪ್ಲೇಟ್‌ಲೆಟ್‌ಗಳು ಬೇಗ ಅಂಟಿಕೊಳ್ಳುತ್ತವೆ, ಅಕ್ಷಿಪಟಲದ ಕೂದಲೆಳೆಯಂಥ ರಕ್ತನಾಳಗಳು ಮುಚ್ಚಿಹೋಗುತ್ತವೆ. ಹಾಗಾದರೆ ದಿನಕ್ಕೊಂದು ಅಗ್ಗದ ಮಾತ್ರೆಯಿಂದ ಕುರುಡುತನವನ್ನೇ ತಪ್ಪಿಸಬಹುದಲ್ಲವೇ?

ಈ ಆಸೆಯ ಬೆನ್ನಿಗೇ ಒಂದು ಹೆದರಿಕೆಯೂ ಇತ್ತು. ಈ ಕಾಯಿಲೆ ಬಲಿತಾಗ ಅಕ್ಷಿಪಟಲದ ಮೇಲೆ ಹೊಸ, ದುರ್ಬಲ ನಾಳಗಳು ಹುಟ್ಟಿ, ಒಡೆದು, ಕಣ್ಣೊಳಗೆ ರಕ್ತ ತುಂಬುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಮದ್ದು ಇಂಥ ಕಣ್ಣಿಗೆ ಅಪಾಯವಾದರೆ?

ಎರಡಕ್ಕೂ ಉತ್ತರ ಹುಡುಕಲು ಅಮೆರಿಕದಲ್ಲಿ ದೊಡ್ಡ ಪ್ರಯೋಗವೊಂದು ನಡೆಯಿತು. ಇಟಿಡಿಆರ್‌ಎಸ್ ಎಂದು ಹೆಸರಾದ ಅದಕ್ಕೆ 1980ರಿಂದ 1985ರವರೆಗೆ 3,711 ಜನ ಸೇರಿದರು. ಅರ್ಧದಷ್ಟು ಜನರಿಗೆ ದಿನಕ್ಕೆ 650 ಮಿಲಿಗ್ರಾಂ ಆಸ್ಪಿರಿನ್, ಉಳಿದವರಿಗೆ ಮದ್ದಿಲ್ಲದ ಹುಸಿ ಮಾತ್ರೆ. ಯಾರಿಗೆ ಯಾವುದು ಎಂಬುದು ಚೀಟಿ ಎತ್ತಿದಂತೆ ನಿರ್ಧಾರವಾಗುತ್ತಿತ್ತು.

ಅದರ ಫಲಿತಾಂಶಕ್ಕೂ ಮುಂಚೆ, 1989ರಲ್ಲಿ, ಫ್ರಾನ್ಸ್ ಮತ್ತು ಬ್ರಿಟನ್‌ನ ವೈದ್ಯರು ಆರಂಭದ ಹಂತದಲ್ಲಿದ್ದ 475 ರೋಗಿಗಳ ಮೇಲೆ ಮೂರು ವರ್ಷ ನಡೆಸಿದ ಪ್ರಯೋಗದ ವರದಿ ಬಂತು. ಆಸ್ಪಿರಿನ್ ಪಡೆದವರಲ್ಲಿ ನಾಳಗಳ ಸಣ್ಣ ಉಬ್ಬುಗಳು ತುಸು ನಿಧಾನವಾಗಿ ಹೆಚ್ಚಿದ್ದವು. ಆಸೆ ಚಿಗುರಿತು. ಆದರೆ ಉಬ್ಬುಗಳ ಎಣಿಕೆಯೇ ಬೇರೆ, ದೃಷ್ಟಿ ಉಳಿಯುವುದೇ ಬೇರೆ.

1991ರಲ್ಲಿ ಅಮೆರಿಕದ ಉತ್ತರ ಬಂತು: ಆಸ್ಪಿರಿನ್ ಕಾಯಿಲೆಯ ಓಟವನ್ನು ತಡೆಯಲಿಲ್ಲ, ದೃಷ್ಟಿಯನ್ನು ಉಳಿಸಲಿಲ್ಲ. ಕಣ್ಣೊಳಗಿನ ರಕ್ತಸ್ರಾವವನ್ನು ಹೆಚ್ಚಿಸಲೂ ಇಲ್ಲ.

ಮೊದಲ ಉತ್ತರದಿಂದ ನಿರಾಸೆಯಾಯಿತು. ಎರಡನೆಯದು ಅನೇಕರ ಜೀವಕ್ಕೆ ಬೇಕಾಗಿದ್ದ ಮಾತು. ಸಕ್ಕರೆ ಕಾಯಿಲೆಯವರಲ್ಲಿ ಹೃದಯದ ತೊಂದರೆ ಸಾಮಾನ್ಯ. ಹೃದಯಾಘಾತವಾಗಿ ಆಸ್ಪಿರಿನ್ ಅಗತ್ಯವಿರುವ ರೋಗಿ, ಕಣ್ಣಲ್ಲಿ ರಕ್ತ ತುಂಬೀತೆಂಬ ಭಯಕ್ಕೆ ಅದನ್ನು ಬಿಡಬೇಕಾಗಿಲ್ಲ ಎಂದು ವೈದ್ಯರು ಧೈರ್ಯವಾಗಿ ಹೇಳುವಂತಾಯಿತು. ಇಂದಿನ ಚಿಕಿತ್ಸಾ ಮಾರ್ಗಸೂಚಿಗಳೂ ಇದನ್ನೇ ಹೇಳುತ್ತವೆ.

ಕಣ್ಣಿಗೆ ಆಸರೆಯಾದದ್ದು ಅದೇ ಪ್ರಯೋಗದ ಇನ್ನೊಂದು ಭಾಗ. ಅಕ್ಷಿಪಟಲದ ನಡುಭಾಗ ಊದಿಕೊಂಡವರಿಗೆ ಲೇಸರ್ ಕೊಟ್ಟಾಗ ದೃಷ್ಟಿ ಗಣನೀಯವಾಗಿ ಕುಂದುವ ಸಂಭವ ಸುಮಾರು ಅರ್ಧಕ್ಕಿಳಿದಿತ್ತು. ಮಾತ್ರೆಯ ಉತ್ತರ ಬರುವ ಆರು ವರ್ಷ ಮುಂಚೆಯೇ, 1985ರಲ್ಲಿ, ಅದು ಪ್ರಕಟವಾಗಿತ್ತು.