ಗುಂಪಿನಲ್ಲಿ ಆಲೋಚನೆ ಹುಟ್ಟುವ ಬಗೆ: ಬ್ರೈನ್‌ಸ್ಟಾರ್ಮಿಂಗ್ ಪ್ರಯೋಗಗಳ ಮರುಪರಿಶೀಲನೆ

ಸಾರಾಂಶ

ಹಲವರು ಕೂಡಿ ಮಾತಾಡಿದರೆ ಹೊಸ ಆಲೋಚನೆಗಳು ಹೆಚ್ಚು ಹುಟ್ಟುತ್ತವೆ ಎಂಬ ನಂಬಿಕೆಯನ್ನು 1958ರಿಂದೀಚಿನ ಪ್ರಯೋಗಗಳ ಬೆಳಕಿನಲ್ಲಿ ಈ ಲೇಖನ ಪರಿಶೀಲಿಸುತ್ತದೆ. ಗುಂಪಿನ ಕಲ್ಪನಾಶಕ್ತಿಗೆ ಅಡ್ಡಿಯಾಗುವುದು ಸದಸ್ಯರ ಸಂಕೋಚ, ಉದಾಸೀನಗಳಿಗಿಂತ ಹೆಚ್ಚಾಗಿ ಒಬ್ಬರಾದ ಮೇಲೊಬ್ಬರು ಮಾತಾಡಬೇಕಾದ ಕ್ರಮವೇ. ಆದ್ದರಿಂದ ಗುಂಪಿಗೆ ಬೇಕಾದದ್ದು ಸಭೆಯ ರಚನೆಯ ಬದಲಾವಣೆ ಎಂಬುದು ಇಲ್ಲಿನ ಪ್ರತಿಪಾದನೆ.

1. ಪೀಠಿಕೆ

ಅಮೆರಿಕದ ಬಿಬಿಡಿಒ ಜಾಹೀರಾತು ಸಂಸ್ಥೆಯ ಅಲೆಕ್ಸ್ ಆಸ್‌ಬಾರ್ನ್ ತಮ್ಮ ಸಂಸ್ಥೆಯಲ್ಲಿ ರೂಢಿಗೆ ತಂದ ‘ಬ್ರೈನ್‌ಸ್ಟಾರ್ಮಿಂಗ್’ ಪದ್ಧತಿಯನ್ನು 1953ರ ‘ಅಪ್ಲೈಡ್ ಇಮ್ಯಾಜಿನೇಷನ್’ ಗ್ರಂಥದಲ್ಲಿ ವಿಸ್ತಾರವಾಗಿ ವಿವರಿಸಿದರು. ಅದರ ನಿಯಮಗಳು ನಾಲ್ಕು: ಯಾರ ಮಾತನ್ನೂ ಆಗಲೇ ಟೀಕಿಸಬಾರದು, ಎಷ್ಟೇ ವಿಚಿತ್ರವಾದ ಆಲೋಚನೆಗೂ ಸ್ವಾಗತವಿರಬೇಕು, ಗುಣಕ್ಕಿಂತ ಮೊದಲು ಸಂಖ್ಯೆಯನ್ನು ನೋಡಬೇಕು, ಇತರರ ಆಲೋಚನೆಗಳನ್ನು ಕೂಡಿಸಿ ಬೆಳೆಸಬೇಕು. ಹೀಗೆ ಕೂತರೆ ಸಾಮಾನ್ಯ ವ್ಯಕ್ತಿಯೊಬ್ಬ ಒಂಟಿಯಾಗಿ ಯೋಚಿಸುವುದಕ್ಕಿಂತ ಎರಡು ಪಟ್ಟು ಆಲೋಚನೆಗಳನ್ನು ಕೊಡಬಲ್ಲ ಎಂದೂ ಅವರು ಹೇಳಿದರು. ಗುಂಪಿನ ಚರ್ಚೆ ಒಂಟಿ ಚಿಂತನೆಗೆ ಪೂರಕವೇ ಹೊರತು ಪರ್ಯಾಯವಲ್ಲ ಎಂದು ಅವರೇ ಎಚ್ಚರಿಸಿದ್ದರು. ಜಗತ್ತಿನ ಕಚೇರಿಗಳು ನಿಯಮಗಳನ್ನು ಎತ್ತಿಕೊಂಡವು, ಎಚ್ಚರಿಕೆಯನ್ನು ಬಿಟ್ಟವು.

2. ಪ್ರಯೋಗಗಳು ಕಂಡದ್ದು

ಆಸ್‌ಬಾರ್ನ್ ಅವರ ಹೇಳಿಕೆಯನ್ನು ಮೊದಲು ಒರೆಗೆ ಹಚ್ಚಿದವರು ಯೇಲ್ ವಿಶ್ವವಿದ್ಯಾಲಯದ ಡೊನಾಲ್ಡ್ ಟೇಲರ್, ಪಾಲ್ ಬೆರಿ ಮತ್ತು ಕ್ಲಿಫರ್ಡ್ ಬ್ಲಾಕ್. 1958ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ವಿದ್ಯಾರ್ಥಿಗಳು ನಾಲ್ಕು ನಾಲ್ಕು ಜನರ 12 ಗುಂಪುಗಳಾಗಿ ಕೂತು ಚರ್ಚಿಸಿದರು. ಇನ್ನು 48 ಮಂದಿ ಅವೇ ಸಮಸ್ಯೆಗಳ ಬಗ್ಗೆ ಪ್ರತ್ಯೇಕವಾಗಿ ಯೋಚಿಸಿದರು. ಈ 48 ಮಂದಿಯನ್ನು ಆಮೇಲೆ ಕಾಗದದ ಮೇಲಷ್ಟೇ 12 ಗುಂಪುಗಳಾಗಿ ವಿಂಗಡಿಸಿ, ಮರುಕಳಿಸಿದ ಆಲೋಚನೆಗಳನ್ನು ಒಂದೇ ಸಲ ಎಣಿಸಲಾಯಿತು. ಹೀಗೆ ರೂಪಿಸಿದ ‘ನಾಮಮಾತ್ರ ಗುಂಪು’ಗಳ ಫಲ, ಎದುರುಬದುರು ಕೂತು ಚರ್ಚಿಸಿದ ಗುಂಪುಗಳ ಫಲಕ್ಕಿಂತ ದುಪ್ಪಟ್ಟಿಗೆ ಸಮೀಪವಾಗಿತ್ತು. ಹೋಲಿಸಬೇಕಾದದ್ದು ಒಬ್ಬನನ್ನೂ ನಾಲ್ವರನ್ನೂ ಅಲ್ಲ, ಕೂಡಿ ಕೂತ ನಾಲ್ವರನ್ನೂ ಬಿಡಿಬಿಡಿಯಾಗಿ ಕೂತ ನಾಲ್ವರನ್ನೂ ಎಂಬ ವಿಧಾನಸ್ಪಷ್ಟತೆ ಈ ಅಧ್ಯಯನದ ಶಾಶ್ವತ ಕೊಡುಗೆ.

ಕಾರಣವನ್ನು ಬಿಡಿಸಿ ನೋಡಿದವರು ಜರ್ಮನಿಯ ಟ್ಯೂಬಿಂಗನ್‌ನ ಮೈಕೆಲ್ ಡೀಲ್ ಮತ್ತು ವೋಲ್ಫ್‌ಗಾಂಗ್ ಸ್ಟ್ರೋಬೆ. ಅವರು 1987ರಲ್ಲಿ ಮೂರು ಊಹೆಗಳನ್ನು ಪರೀಕ್ಷಿಸಿದರು. ಒಂದು, ಹೊಣೆ ಎಲ್ಲರದ್ದಾದಾಗ ಪ್ರತಿಯೊಬ್ಬರೂ ಸ್ವಲ್ಪ ಕೈಬಿಡುತ್ತಾರೆ. ಎರಡು, ಇತರರು ಏನೆಂದುಕೊಂಡಾರೋ ಎಂಬ ಅಳುಕು ಬಾಯಿ ಕಟ್ಟುತ್ತದೆ. ಮೂರು, ಒಬ್ಬರು ಮಾತಾಡುವಾಗ ಉಳಿದವರು ಕಾಯಬೇಕಾಗುತ್ತದೆ. ಮೊದಲೆರಡರ ಪ್ರಭಾವ ಅಲ್ಪವೆಂದು ಕಂಡಿತು. ನಿರ್ಣಾಯಕ ಪ್ರಯೋಗದಲ್ಲಿ ಸದಸ್ಯರನ್ನು ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿ, ಒಬ್ಬರು ಮಾತಾಡುತ್ತಿದ್ದರೆ ಉಳಿದವರಿಗೆ ದೀಪದ ಮೂಲಕ ತಡೆ ಸೂಚಿಸಲಾಯಿತು. ಯಾರೂ ಎದುರಿಗಿಲ್ಲದಿದ್ದರೂ ಸರದಿಗೆ ಕಾಯಬೇಕಾದವರ ಫಲ ತೀವ್ರವಾಗಿ ಕುಸಿಯಿತು, ಕಾಯಬೇಕಿಲ್ಲದವರದು ಕುಸಿಯಲಿಲ್ಲ. ಕಾಯುವ ಮನಸ್ಸು ತನ್ನ ಆಲೋಚನೆಯನ್ನು ಮರೆಯದಂತೆ ಹಿಡಿದಿಟ್ಟುಕೊಳ್ಳುವುದರಲ್ಲೇ ತೊಡಗುತ್ತದೆ. ಹೊಸದಕ್ಕೆ ಅಲ್ಲಿ ಜಾಗ ಉಳಿಯುವುದಿಲ್ಲ.

ಇದರಿಂದ ಒಂದು ನೈತಿಕ ತೀರ್ಮಾನವೂ ಹೊರಡುತ್ತದೆ. ಸಭೆಯಲ್ಲಿ ಮೌನವಾಗಿ ಕೂತವರನ್ನು ಅಂಜುಬುರುಕರೆಂದೋ ನಿರಾಸಕ್ತರೆಂದೋ ದೂರುವುದು ಅನ್ಯಾಯ. ದೋಷ ವ್ಯಕ್ತಿಯಲ್ಲಿಲ್ಲ, ಒಂದೇ ಸಮಯದಲ್ಲಿ ಒಂದೇ ದನಿಗೆ ಅವಕಾಶ ಕೊಡುವ ವ್ಯವಸ್ಥೆಯಲ್ಲಿದೆ.

3. ಪರ್ಯಾಯ ವಿಧಾನಗಳು

ಈ ದೃಷ್ಟಿಯಿಂದ ನೋಡಿದರೆ, ಪ್ರಯೋಗಶಾಲೆಯ ಹೊರಗೆ ಬೆಳೆದ ವಿಧಾನಗಳ ತರ್ಕ ಸ್ಪಷ್ಟವಾಗುತ್ತದೆ. ಜರ್ಮನಿಯ ಬರ್ನ್ಡ್ ರೋರ್‌ಬಾಖ್ 1960ರ ದಶಕದ ಕೊನೆಯಲ್ಲಿ ರೂಪಿಸಿದ 6-3-5 ಪದ್ಧತಿಯಲ್ಲಿ ಆರು ಮಂದಿ, ತಲಾ ಮೂರು ಆಲೋಚನೆಗಳನ್ನು, ಐದು ನಿಮಿಷಗಳಲ್ಲಿ ಬರೆದು ಹಾಳೆಯನ್ನು ಪಕ್ಕದವರಿಗೆ ದಾಟಿಸುತ್ತಾರೆ. ಪಡೆದವರು ಅದನ್ನೋದಿ, ಅದರ ಕೆಳಗೆ ತಮ್ಮ ಮೂರನ್ನು ಸೇರಿಸುತ್ತಾರೆ. ಆರು ಸುತ್ತಿಗೆ ಅರ್ಧ ಗಂಟೆ. ಫಲ 108 ಆಲೋಚನೆಗಳು. ಆಸ್‌ಬಾರ್ನ್ ಅವರ ನಾಲ್ಕನೆಯ ನಿಯಮ ಇಲ್ಲಿ ಉಳಿದಿದೆ, ಕಾಯುವಿಕೆ ಮಾತ್ರ ಹೋಗಿದೆ.

ಆಂಡ್ರೆ ಡೆಲ್‌ಬೆಕ್ ಮತ್ತು ಆಂಡ್ರ್ಯೂ ವ್ಯಾನ್ ಡಿ ವೆನ್ 1971ರಲ್ಲಿ ಪ್ರಕಟಿಸಿದ ವಿಧಾನ ಇನ್ನೂ ಒಂದು ಹೆಜ್ಜೆ ಮುಂದಿಡುತ್ತದೆ: ಮೊದಲು ಮೌನವಾಗಿ ಬರೆಯುವುದು, ಬಳಿಕ ಪ್ರತಿ ಸುತ್ತಿನಲ್ಲಿ ಒಬ್ಬೊಬ್ಬರಿಂದ ಒಂದೊಂದನ್ನೇ ಪಡೆದು ಎಲ್ಲರಿಗೂ ಕಾಣುವಂತೆ ದಾಖಲಿಸುವುದು, ನಂತರ ಸ್ಪಷ್ಟನೆಗಾಗಿ ಚರ್ಚೆ, ಕೊನೆಗೆ ಪ್ರತಿಯೊಬ್ಬರೂ ಸ್ವತಂತ್ರವಾಗಿ ಆದ್ಯತೆ ಸೂಚಿಸುವುದು. ಚರ್ಚೆ ಇಲ್ಲಿ ರದ್ದಾಗಿಲ್ಲ. ತನ್ನ ತಕ್ಕ ಹಂತಕ್ಕೆ ಸರಿದಿದೆ. ಆಯ್ಕೆಯ ಹಂತಕ್ಕೂ ಇಷ್ಟೇ ಗಮನ ಬೇಕು: ರಿಟ್ಷೆಲ್, ನೈಸ್ಟಾಡ್ ಮತ್ತು ಸ್ಟ್ರೋಬೆ 2006ರಲ್ಲಿ ತೋರಿಸಿದಂತೆ, ಹೆಚ್ಚು ಆಲೋಚನೆಗಳನ್ನು ಹುಟ್ಟಿಸಿದ ಮಾತ್ರಕ್ಕೆ ಉತ್ತಮವಾದುದನ್ನೇ ಆರಿಸುತ್ತಾರೆಂಬ ಖಾತರಿ ಇಲ್ಲ. ಚರ್ಚೆಯ ಹಂತದಲ್ಲಿ ಟೀಕೆಗೆ ಹೆದರಬೇಕಾಗಿಯೂ ಇಲ್ಲ. ಶಾರ್ಲನ್ ನೆಮೆತ್ ಮತ್ತು ಸಂಗಡಿಗರು 2004ರಲ್ಲಿ ಅಮೆರಿಕ, ಫ್ರಾನ್ಸ್‌ಗಳಲ್ಲಿ ನಡೆಸಿದ ಅಧ್ಯಯನದಲ್ಲಿ, ಪರಸ್ಪರ ವಾದಿಸಿ ಟೀಕಿಸಿ ಎಂದು ಪ್ರೋತ್ಸಾಹಿಸಿದ ಗುಂಪುಗಳು ಹಿಂದೆ ಬೀಳಲಿಲ್ಲ.

4. ಅಕ್ಷರದ ಮಿತಿ ಮತ್ತು ನೆಲದ ನಕ್ಷೆ

ಮೇಲಿನ ವಿಧಾನಗಳೆಲ್ಲ ಬರವಣಿಗೆಯನ್ನು ನೆಚ್ಚಿವೆ. ಓದುಬರಹ ಎಲ್ಲರಿಗೂ ಸಲೀಸಲ್ಲದ ಕಡೆ ಚೀಟಿ ಹಂಚಿದರೆ ಒಂದು ತಡೆಯ ಬದಲು ಇನ್ನೊಂದು ಎದ್ದುನಿಲ್ಲುತ್ತದೆ. ಈ ತೊಡಕಿಗೆ ಕರ್ನಾಟಕದಲ್ಲೂ ಒಂದು ಉತ್ತರ ಸಿದ್ಧವಾಯಿತು. ಬೆಂಗಳೂರು ಮೂಲದ ಮೈರಾಡ ಸಂಸ್ಥೆ 1980ರ ದಶಕದ ಕೊನೆಯಿಂದ ಗ್ರಾಮೀಣ ಸಹಭಾಗಿತ್ವದ ಸಮೀಕ್ಷೆಯನ್ನು ಬೆಳೆಸಿದ ಪ್ರಮುಖರ ಸಾಲಿನಲ್ಲಿದೆ. ಅಭಿವೃದ್ಧಿ ಅಧ್ಯಯನದ ವಿದ್ವಾಂಸ ರಾಬರ್ಟ್ ಚೇಂಬರ್ಸ್ ಅವರ ಬರಹಗಳ ಮೂಲಕ ಈ ಪದ್ಧತಿ ಜಗತ್ತಿನ ಗಮನಕ್ಕೆ ಬಂತು. ಹಳ್ಳಿಯವರು ನೆಲದ ಮೇಲೆ ಬಣ್ಣದ ಪುಡಿ, ಕಲ್ಲು, ಕಡ್ಡಿಗಳಿಂದ ಊರಿನ ನಕ್ಷೆ ಬಿಡಿಸುತ್ತಾರೆ. ಬೀಜಗಳನ್ನಿಟ್ಟು ಆದ್ಯತೆ ತೋರಿಸುತ್ತಾರೆ.

ಇದನ್ನು ಸಾಮಾನ್ಯವಾಗಿ ಸಬಲೀಕರಣದ ಸಾಧನವೆಂದು ವಿವರಿಸುತ್ತಾರೆ. ಡೀಲ್–ಸ್ಟ್ರೋಬೆ ಅವರ ಫಲಿತಾಂಶದ ಪಕ್ಕದಲ್ಲಿಟ್ಟು ಓದಿದರೆ ಅದರ ಜ್ಞಾನಾತ್ಮಕ ಬಲವೂ ಕಾಣುತ್ತದೆ. ನೆಲದ ಮೇಲೆ ಹಲವು ಕೈಗಳು ಏಕಕಾಲಕ್ಕೆ ಕೆಲಸ ಮಾಡಬಲ್ಲವು. ಗೌಡರು ಕೆರೆ ಬಿಡಿಸುತ್ತಿರುವಾಗಲೇ ಕೂಲಿಯ ಹೆಣ್ಣುಮಗಳು ಬತ್ತಿದ ಬಾವಿಯನ್ನು ಗುರುತಿಸಬಹುದು. ಇಟ್ಟ ಗುರುತು ಅಲ್ಲೇ ಉಳಿಯುವುದರಿಂದ ಯಾರೂ ಅದನ್ನು ನೆನಪಿನಲ್ಲಿ ಹೊತ್ತು ಕಾಯಬೇಕಿಲ್ಲ.

5. ಉಪಸಂಹಾರ

ಒಂಟಿಯಾಗಿ ಯೋಚಿಸುವುದೋ ಕೂಡಿ ಯೋಚಿಸುವುದೋ ಎಂಬುದು ಸರಿಯಾದ ಪ್ರಶ್ನೆಯಲ್ಲ. ಯಾವುದನ್ನು ಯಾವಾಗ ಎಂಬುದೇ ಪ್ರಶ್ನೆ. ಆಲೋಚನೆ ಹುಟ್ಟುವ ಹಂತದಲ್ಲಿ ಎಲ್ಲರಿಗೂ ಏಕಕಾಲದ ಅವಕಾಶ, ಬೆಳೆಯುವ ಹಂತದಲ್ಲಿ ಮುಕ್ತ ವಾದ, ಆರಿಸುವ ಹಂತದಲ್ಲಿ ಸ್ವತಂತ್ರ ತೀರ್ಪು ಬೇಕು. ನಮ್ಮ ಗ್ರಾಮಸಭೆಗಳಲ್ಲೂ ವಿಭಾಗದ ಸಭೆಗಳಲ್ಲೂ ಅಧ್ಯಕ್ಷರ ಭಾಷಣದಿಂದ ಆರಂಭಿಸುವ ರೂಢಿ ಈ ಕ್ರಮವನ್ನು ತಲೆಕೆಳಗು ಮಾಡುತ್ತದೆ. ಮೊದಲ ಹದಿನೈದು ನಿಮಿಷವನ್ನು ಎಲ್ಲರ ಬರಹಕ್ಕೋ ನಕ್ಷೆಗೋ ಮೀಸಲಿಟ್ಟು, ಅಧ್ಯಕ್ಷರ ಮಾತನ್ನು ಕೊನೆಗೆ ಇಡುವುದು ಖರ್ಚಿಲ್ಲದ ಸುಧಾರಣೆ; ಅದಕ್ಕೆ ಬೇಕಾದ ಆಧಾರ ನಮ್ಮ ಕೈಯಲ್ಲಿದೆ.